ಶ್ವಾಸಕೋಶದ ಕ್ಯಾನ್ಸರ್ ಆಪರೇಷನ್ ಆದ ಮೇಲೆ: ಯಾವ ಸ್ಕ್ಯಾನ್, ಎಷ್ಟು ತಿಂಗಳಿಗೊಮ್ಮೆ, ನಡುವೆ ಭಯ ಬಂದರೆ ಏನು?

ಹೊಲಿಗೆ ಬಿಚ್ಚಿದ ದಿನ ಅಮ್ಮ ಡಾಕ್ಟರನ್ನು ಕೇಳಿದ್ದು ಒಂದೇ ಪ್ರಶ್ನೆ. "ಮತ್ತೆ ಬರಲ್ಲ ತಾನೇ?" ಅವರು ಬರುತ್ತೆ ಅನ್ನಲಿಲ್ಲ, ಬರಲ್ಲ ಅಂತಲೂ ಅನ್ನಲಿಲ್ಲ. ಚೀಟಿಯ ಮೇಲೆ "ಆರು ತಿಂಗಳ ನಂತರ ಸಿಟಿ ಚೆಸ್ಟ್" ಅಂತ ಬರೆದು ಕೊಟ್ಟರು.

ಆ ಚೀಟಿ ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ. ಪೆಟ್ ಸ್ಕ್ಯಾನ್ ಮಾಡಿಸಿಬಿಡಿ, ಮೈಯೆಲ್ಲ ಒಂದೇ ಸಲ ಗೊತ್ತಾಗುತ್ತೆ ಅಂತ ಒಬ್ಬರು. ಆರು ತಿಂಗಳು ಕಾಯೋದಾ, ಮೂರಕ್ಕೇ ಮಾಡಿಸಿ ಅಂತ ಇನ್ನೊಬ್ಬರು. ಅಷ್ಟೊಂದು ರೇಡಿಯೇಷನ್ ಯಾಕೆ, ಎಕ್ಸ್‌ರೇ ಸಾಕಲ್ವಾ ಅಂತ ಮತ್ತೊಬ್ಬರು. ಈಗಂತೂ ರಕ್ತದಲ್ಲೇ ಕ್ಯಾನ್ಸರ್ ಹಿಡಿಯುವ ಪರೀಕ್ಷೆಗಳ ಜಾಹೀರಾತು ಬೇರೆ. ಹೇಳುವವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ತಲೆ ಕೆಡೋದು ಮಾತ್ರ ನಮ್ಮದು.

ಅಮ್ಮನ ಬಲ ಶ್ವಾಸಕೋಶದ ಮೇಲಿನ ಭಾಗ ತೆಗೆದು ನಾಲ್ಕು ವರ್ಷ ದಾಟಿತು. ಫೈಲ್ ಹೊರುವ ಕೆಲಸ ನನ್ನದು. ಈ ನಾಲ್ಕು ವರ್ಷದಲ್ಲಿ ಓದಿದ್ದು, ಡಾಕ್ಟರನ್ನು ಕೇಳಿ ತಿಳಿದದ್ದು, ಎಡವಿ ಕಲಿತದ್ದು ಎಲ್ಲ ಸೇರಿಸಿ ಈ ಹೋಲಿಕೆ ಬರೆದಿದ್ದೇನೆ. ನಾನು ಡಾಕ್ಟರಲ್ಲ. ನಿಮ್ಮವರ ಸ್ಟೇಜ್ (ಕ್ಯಾನ್ಸರ್ ಎಷ್ಟು ಬೆಳೆದು ಹರಡಿತ್ತು ಅನ್ನುವ ಹಂತ), ವಯಸ್ಸು, ಕಿಡ್ನಿ, ಉಳಿದ ಕಾಯಿಲೆ ಗೊತ್ತಿರುವ ಡಾಕ್ಟರ ಮಾತೇ ಕೊನೆಯ ಮಾತು. ಇನ್ನೊಂದು ವಿಷಯ. ಇಲ್ಲಿ ಹೇಳುವುದೆಲ್ಲ ನಾನ್ ಸ್ಮಾಲ್ ಸೆಲ್ ಅನ್ನುವ ಬಗೆಯ ಕ್ಯಾನ್ಸರ್ ಬಗ್ಗೆ. ಆಪರೇಷನ್ ಆಗುವವರಲ್ಲಿ ಹೆಚ್ಚಿನವರದು ಇದೇ. ಸ್ಮಾಲ್ ಸೆಲ್ ಆಗಿದ್ದರೆ ಲೆಕ್ಕವೇ ಬೇರೆ, ವಿಶೇಷವಾಗಿ ಮೆದುಳಿನ ಸ್ಕ್ಯಾನ್ ವಿಷಯದಲ್ಲಿ.

ಹೋಲಿಸುವ ಮೊದಲು: ಯಾವುದನ್ನು ನೋಡಿ ಆರಿಸಬೇಕು

ನಾವು ಸಾಮಾನ್ಯವಾಗಿ ಕೇಳುವುದು "ಯಾವ ಸ್ಕ್ಯಾನ್ ಎಲ್ಲಕ್ಕಿಂತ ಚೆನ್ನಾಗಿ ಕಾಣಿಸುತ್ತೆ" ಅಂತ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಅದಲ್ಲ. ಈ ಸ್ಕ್ಯಾನ್‌ನಲ್ಲಿ ಏನಾದರೂ ಸಿಕ್ಕರೆ ಮುಂದೆ ಮಾಡೋದಕ್ಕೆ ಏನಿದೆ? ಬೇಗ ಸಿಕ್ಕಿದ್ದರಿಂದ ಚಿಕಿತ್ಸೆ ಬದಲಾಗುತ್ತಾ, ಅಥವಾ ಗೊತ್ತಾಗುವ ದಿನ ಮಾತ್ರ ಹಿಂದಕ್ಕೆ ಬರುತ್ತಾ? ಈ ಪ್ರಶ್ನೆಗೆ ಉತ್ತರ ಇಲ್ಲದ ಸ್ಕ್ಯಾನ್ ಎಷ್ಟೇ ದುಬಾರಿಯಾಗಿದ್ದರೂ ಸುಮ್ನೆ.

ಎರಡನೆಯದು ಸುಳ್ಳು ಗಾಬರಿ. ಕ್ಯಾನ್ಸರ್ ಅಲ್ಲದ್ದನ್ನು ಕ್ಯಾನ್ಸರ್ ಥರ ತೋರಿಸುವ ಪರೀಕ್ಷೆ ನಿಮ್ಮನ್ನು ಸೂಜಿಯಿಂದ ಚೂರು ತೆಗೆದು ನೋಡುವ ಬಯಾಪ್ಸಿವರೆಗೂ ಎಳೆದುಕೊಂಡು ಹೋಗಬಹುದು. ಒಂದು ಭಾಗ ಕತ್ತರಿಸಿದ ಶ್ವಾಸಕೋಶಕ್ಕೆ ಸೂಜಿ ಹಾಕುವುದು ಸಣ್ಣ ವಿಷಯವಲ್ಲ. ಗಾಳಿ ಸೋರಿ ಶ್ವಾಸಕೋಶ ಕುಗ್ಗಿದರೆ ಮತ್ತೆ ಟ್ಯೂಬ್, ಮತ್ತೆ ವಾರ್ಡು.

ಮೂರನೆಯದು ಮೈಗೆ ಬೀಳುವ ಹೊರೆ, ಅಂದರೆ ರೇಡಿಯೇಷನ್ ಮತ್ತು ಡೈ (ಚಿತ್ರ ಸ್ಪಷ್ಟವಾಗಲಿ ಅಂತ ರಕ್ತನಾಳಕ್ಕೆ ಬಿಡುವ ದ್ರವ). ನಾಲ್ಕನೆಯದು ದುಡ್ಡು, ಓಡಾಟ, ರಜೆ. ಐದನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ಕ್ಯಾನ್ ಮುಂಚಿನ ವಾರ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ. ಅದೂ ಒಂದು ಖರ್ಚೇ.

ಹುಡುಕುತ್ತಿರುವುದು ಎರಡನ್ನು

ಇದು ನನಗೆ ಒಂದೂವರೆ ವರ್ಷ ಗೊತ್ತೇ ಇರಲಿಲ್ಲ. ಫಾಲೋಅಪ್ ಸ್ಕ್ಯಾನ್ ಹುಡುಕುವುದು ಎರಡು ಬೇರೆ ಬೇರೆ ವಿಷಯಗಳನ್ನು. ಒಂದು, ಹಳೆಯ ಕ್ಯಾನ್ಸರ್ ಮರಳುವುದು. ಇದು ಆಪರೇಷನ್ ಮಾಡಿದ ಜಾಗದಲ್ಲಿ, ಎದೆಯ ನಡುವಿನ ಲಿಂಫ್ ಗಂಟುಗಳಲ್ಲಿ (ಸೋಂಕು ತಡೆಯಲು ಎಲ್ಲರ ಮೈಯಲ್ಲೂ ಇರುವ ಪುಟ್ಟ ಗ್ರಂಥಿಗಳು), ಇನ್ನೊಂದು ಶ್ವಾಸಕೋಶದಲ್ಲಿ, ಮೆದುಳು, ಮೂಳೆ, ಲಿವರ್, ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿಗಳಲ್ಲಿ ಕಾಣಿಸಿಕೊಳ್ಳಬಹುದು. ಹೆಚ್ಚಿನದು ಮೊದಲ ಎರಡು ಮೂರು ವರ್ಷದಲ್ಲೇ ಆಗುತ್ತದೆ. ಇನ್ನೊಂದು, ಹಳೆಯದಕ್ಕೆ ಸಂಬಂಧವೇ ಇಲ್ಲದ ಹೊಸ ಶ್ವಾಸಕೋಶದ ಕ್ಯಾನ್ಸರ್. ಇದರ ಸಾಧ್ಯತೆ ವರ್ಷಕ್ಕೆ ಸುಮಾರು ಶೇ. 1ರಿಂದ 2 ಅನ್ನುತ್ತಾರೆ. ವರ್ಷ ಕಳೆದ ಹಾಗೆ ಇದು ಕಡಿಮೆ ಆಗುವುದಿಲ್ಲ.

ಹೊಸದು ಚಿಕ್ಕದಾಗಿದ್ದಾಗ ಸಿಕ್ಕರೆ ಮತ್ತೆ ಆಪರೇಷನ್ ಮಾಡಬಹುದು, ಇಲ್ಲವೇ ಗುರಿಯಿಟ್ಟು ಕೊಡುವ ಎಸ್‌ಬಿಆರ್‌ಟಿ ರೇಡಿಯೇಷನ್‌ನಿಂದ ಸುಡಬಹುದು. ಪೂರ್ತಿ ವಾಸಿ ಮಾಡುವ ದಾರಿ ಅಲ್ಲಿ ಇನ್ನೂ ತೆರೆದಿರುತ್ತದೆ. ಹಳೆಯದೇ ಮರಳಿದರೂ ಒಂದೇ ಜಾಗದಲ್ಲಿದ್ದರೆ ಎಷ್ಟೋ ಸಲ ಹೀಗೇ. ಅದಕ್ಕೇ ಮೊದಲ ವರ್ಷಗಳ ಸ್ಕ್ಯಾನ್ ಒಂದು ಥರ, ಆಮೇಲಿನದು ಇನ್ನೊಂದು ಥರ. ಇದು ತಿಳಿದರೆ ಡಾಕ್ಟರ ಚೀಟಿ ಯಾಕೆ ಬದಲಾಗುತ್ತದೆ ಅನ್ನುವುದು ಅರ್ಥವಾಗುತ್ತದೆ.

ಡೈ ಹಾಕಿದ ಸಿಟಿ: ಮೊದಲ ಎರಡು ವರ್ಷದ ಮುಖ್ಯ ಆಸರೆ

ಬೇರೆ ಬೇರೆ ದೇಶಗಳ ಮಾರ್ಗಸೂಚಿಗಳು ಇಲ್ಲಿ ಹೆಚ್ಚು ಕಡಿಮೆ ಒಂದೇ ಮಾತು ಹೇಳುತ್ತವೆ. ಮೊದಲ ಎರಡು, ಕೆಲವರ ಪ್ರಕಾರ ಮೂರು ವರ್ಷ ಆರು ತಿಂಗಳಿಗೊಮ್ಮೆ ಎದೆಯ ಸಿಟಿ. ಅಡ್ರಿನಲ್ ಗ್ರಂಥಿಗಳೂ ಬರುವಷ್ಟು ಕೆಳಗಿನವರೆಗೆ. ಆಮೇಲೆ ವರ್ಷಕ್ಕೊಮ್ಮೆ.

ಡೈ ಯಾಕೆ? ಡೈ ಇಲ್ಲದ ಸಿಟಿಯಲ್ಲಿ ಎದೆಯ ನಡುವಿನ ರಕ್ತನಾಳ ಮತ್ತು ಲಿಂಫ್ ಗಂಟು ಎರಡೂ ಒಂದೇ ಬೂದು ಬಣ್ಣ. ಡೈ ಹೋದರೆ ರಕ್ತನಾಳ ಬೆಳ್ಳಗೆ ಹೊಳೆಯುತ್ತದೆ, ಗಂಟು ಬೇರೆಯಾಗಿ ಕಾಣುತ್ತದೆ. ಲಿವರ್ ಕೂಡ ಚೆನ್ನಾಗಿ ಗೊತ್ತಾಗುತ್ತದೆ. ಡೈ ಒಳಗೆ ಹೋಗುವಾಗ ಬಾಯಲ್ಲಿ ಲೋಹದ ರುಚಿ ಬರುತ್ತದೆ, ಮೈಯೆಲ್ಲ ಬಿಸಿಯಾಗುತ್ತದೆ. ಮೂತ್ರ ಹೋಗಿಬಿಟ್ಟಿತೇನೋ ಅನ್ನಿಸುತ್ತದೆ. ಹೋಗಿರುವುದಿಲ್ಲ. ಮೊದಲ ಸಲ ಇದನ್ನು ಅಮ್ಮನಿಗೆ ಯಾರೂ ಹೇಳಿರಲಿಲ್ಲ. ಹೊರಗೆ ಬಂದವಳು ನಾಚಿಕೊಂಡು ಐದು ನಿಮಿಷ ಮಾತೇ ಆಡಲಿಲ್ಲ. ನಿಮ್ಮವರಿಗೆ ಮುಂಚೆಯೇ ಹೇಳಿಬಿಡಿ.

ಡೈ ಎಲ್ಲರಿಗೂ ಒಗ್ಗುವುದಿಲ್ಲ. ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ರಕ್ತದಲ್ಲಿ ಜಾಸ್ತಿ ಇದ್ದರೆ, ಹಿಂದೆ ಅಲರ್ಜಿ ಆಗಿದ್ದರೆ, ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರೆ ಮೊದಲೇ ಹೇಳಬೇಕು. ಡೈ ಆಗದಿದ್ದರೆ ಸಿಟಿಯೇ ಬೇಡ ಅಂತಲ್ಲ. ಡೈ ಇಲ್ಲದೆಯೂ ಶ್ವಾಸಕೋಶದ ಒಳಗಿನ ಗಂಟುಗಳು ಸ್ಪಷ್ಟವಾಗಿ ಕಾಣುತ್ತವೆ, ಕಷ್ಟ ಆಗುವುದು ನಡುವಿನ ಭಾಗಕ್ಕೆ ಮಾತ್ರ.

ಸಿಟಿಯ ದೊಡ್ಡ ದೋಷ ಏನೆಂದರೆ ಅದು ಎಲ್ಲವನ್ನೂ ಕಾಣಿಸುತ್ತದೆ. ಹಳೆಯ ಸೋಂಕಿನ ಕಲೆ, ಆಪರೇಷನ್‌ನಲ್ಲಿ ಶ್ವಾಸಕೋಶ ಮುಚ್ಚಲು ಸ್ಟೇಪಲ್ ಹಾಕಿದ ಗೆರೆಯಲ್ಲಿನ ಗಡಸು, ಸುಮ್ಮನೆ ಕೂತಿರುವ ಲಿಂಫ್ ಗಂಟು. ಅಮೆರಿಕದಲ್ಲಿ 53,000ಕ್ಕೂ ಹೆಚ್ಚು ಧೂಮಪಾನಿಗಳ ಮೇಲೆ ನಡೆದ ದೊಡ್ಡ ತಪಾಸಣೆಯ ಫಲಿತಾಂಶ 2011ರಲ್ಲಿ ಬಂತು. ಅಲ್ಲಿ ಸಿಟಿಯಲ್ಲಿ "ಏನೋ ಇದೆ" ಅಂತ ಬಂದವುಗಳಲ್ಲಿ ಶೇ. 96ರಷ್ಟು ಕ್ಯಾನ್ಸರ್ ಆಗಿರಲಿಲ್ಲ. ಅವರು ಆಪರೇಷನ್ ಆದವರಲ್ಲ, ಹಾಗಾಗಿ ಆ ಅಂಕಿ ನಮಗೆ ಹಾಗೇ ಹೊಂದುವುದಿಲ್ಲ. ಆದರೆ ಶ್ವಾಸಕೋಶದಲ್ಲಿ ಚಿಕ್ಕ ಗಂಟು ಅನ್ನುವುದು ಎಷ್ಟು ಸಾಮಾನ್ಯ ಅನ್ನುವುದಕ್ಕೆ ಅಷ್ಟು ಸಾಕು.

ಲೋ ಡೋಸ್ ಸಿಟಿ

ಎರಡು ಮೂರು ವರ್ಷ ಏನೂ ಇಲ್ಲದೆ ದಾಟಿದವರಿಗೆ ಇದು. ಡೈ ಬೇಡ, ಸೂಜಿ ಬೇಡ, ಹತ್ತು ನಿಮಿಷದಲ್ಲಿ ಎದ್ದು ಬರಬಹುದು. ರೇಡಿಯೇಷನ್ ಸುಮಾರು 1.5 ಮಿಲಿಸೀವರ್ಟ್. ಮಾಮೂಲಿ ಎದೆಯ ಸಿಟಿಯಲ್ಲಿ 6ರ ಆಸುಪಾಸು, ಎಕ್ಸ್‌ರೇಯಲ್ಲಿ 0.1, ಪೆಟ್ ಸಿಟಿಯಲ್ಲಿ 20 ದಾಟಬಹುದು. ಹೋಲಿಕೆಗೆ ಹೇಳುವುದಾದರೆ ಮಣ್ಣು, ಗಾಳಿ, ಆಕಾಶದಿಂದ ನಮಗೆಲ್ಲ ಪುಕ್ಕಟೆ ಸಿಗುವುದೇ ವರ್ಷಕ್ಕೆ ಸರಾಸರಿ 2.4.

ಹೊಸ ಗಂಟು ಹುಟ್ಟಿದೆಯಾ ಅಂತ ನೋಡುವುದಕ್ಕೆ ಇದು ಸಾಕು. ಲಿವರ್, ಅಡ್ರಿನಲ್, ಎದೆಯ ನಡುವಿನ ಗಂಟುಗಳಿಗೆ ಸಾಲದು. ಅಂದರೆ ಮೊದಲ ವರ್ಷವೇ ರೇಡಿಯೇಷನ್ ಭಯಕ್ಕೆ ಲೋ ಡೋಸ್ ಕೇಳುವುದು ಉಳಿತಾಯ ಅಲ್ಲ. ಅರವತ್ತು ದಾಟಿದವರಿಗೆ, ಒಂದು ಸಲ ಶ್ವಾಸಕೋಶದ ಕ್ಯಾನ್ಸರ್ ಬಂದವರಿಗೆ, ಅದು ಮರಳುವ ಅಪಾಯದ ಮುಂದೆ ಸಿಟಿಯ ರೇಡಿಯೇಷನ್ ಅಪಾಯ ತೀರಾ ಚಿಕ್ಕದು. ನಲವತ್ತರೊಳಗಿನವರು ಈ ಲೆಕ್ಕವನ್ನು ಡಾಕ್ಟರ ಜೊತೆ ಕೂತು ಮಾಡಬೇಕು. ಅವರ ಮುಂದೆ ಇನ್ನೂ ಎಷ್ಟೋ ಸ್ಕ್ಯಾನ್ ಇವೆ.

ಎಕ್ಸ್‌ರೇ

ಅಗ್ಗ, ಎಲ್ಲ ಕಡೆ ಸಿಗುತ್ತದೆ, ಹೊರೆಯೂ ಇಲ್ಲ. ಆದರೆ ಹೃದಯದ ಹಿಂದೆ, ಪಕ್ಕೆಲುಬಿನ ಕೆಳಗೆ ಇರುವ ಸಣ್ಣ ಗಂಟು ಅದಕ್ಕೆ ಕಾಣುವುದಿಲ್ಲ. ಆಪರೇಷನ್ ಆದ ಎದೆಯಲ್ಲಂತೂ ಎಲ್ಲ ಜಾಗ ಬದಲಾಗಿರುತ್ತದೆ. ಜ್ವರ, ಕೆಮ್ಮು, ಎದೆಯಲ್ಲಿ ನೀರು ತುಂಬಿದೆಯಾ ಅಂತ ನೋಡುವುದಕ್ಕೆ ಒಳ್ಳೆಯದು. ಎಕ್ಸ್‌ರೇ ಚೆನ್ನಾಗಿದೆ ಅಂದ ಮಾತ್ರಕ್ಕೆ ಸಿಟಿ ಬಿಡಬೇಡಿ. ಸಿಟಿ ಕೈಗೆಟುಕದ ಪರಿಸ್ಥಿತಿ ಇದ್ದರೆ ಅದು ಬೇರೆ ಮಾತು. ಅದಕ್ಕೆ ಮುಂದೆ ಬರುತ್ತೇನೆ.

ಪೆಟ್ ಸಿಟಿ: ಎಲ್ಲರ ಬಾಯಲ್ಲೂ ಇರುವ ಹೆಸರು

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಅತಿ ಹೆಚ್ಚು ದುಡ್ಡು ಸುಮ್ಮನೆ ಹೋಗುವುದು ಇಲ್ಲೇ.

ಪೆಟ್‌ನಲ್ಲಿ ಸಕ್ಕರೆಯ ಥರದ ಒಂದು ವಸ್ತುವಿಗೆ ಸ್ವಲ್ಪ ರೇಡಿಯೋಆಕ್ಟಿವ್ ಗುರುತು ಹಚ್ಚಿ ರಕ್ತಕ್ಕೆ ಬಿಡುತ್ತಾರೆ. ನಾಲ್ಕಾರು ಗಂಟೆ ಉಪವಾಸ ಇರಬೇಕು, ಸೂಜಿ ಹಾಕಿದ ಮೇಲೆ ಸುಮಾರು ಒಂದು ಗಂಟೆ ಅಲುಗಾಡದೆ ಮಲಗಿರಬೇಕು. ಹೆಚ್ಚು ಸಕ್ಕರೆ ಎಳೆದುಕೊಳ್ಳುವ ಜಾಗ ಹೊಳೆಯುತ್ತದೆ. ಕ್ಯಾನ್ಸರ್ ಎಳೆದುಕೊಳ್ಳುತ್ತದೆ, ನಿಜ. ಆದರೆ ಸೋಂಕೂ ಎಳೆದುಕೊಳ್ಳುತ್ತದೆ. ಮಾಯುತ್ತಿರುವ ಗಾಯ, ನ್ಯುಮೋನಿಯಾ, ಟಿಬಿಯ ಗಂಟು ಎಲ್ಲವೂ ಎಳೆದುಕೊಳ್ಳುತ್ತವೆ. ಹೊಸದಾಗಿ ಲಸಿಕೆ ಹಾಕಿಸಿಕೊಂಡ ತೋಳಿನ ಕಂಕುಳ ಗಂಟು ಕೂಡ ಹೊಳೆಯಬಹುದು. ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಪೆಟ್ ಮಾಡಿಸಿದರೆ ಹೊಲಿಗೆ ಜಾಗವೇ ಹೊಳೆದು ಮನೆಮಂದಿಯ ಜೀವ ಹೋಗುತ್ತದೆ.

ತಪ್ಪಿಸಿಕೊಳ್ಳುವುದೂ ಇದೆ. 8 ಮಿ.ಮೀ.ಗಿಂತ ಚಿಕ್ಕ ಗಂಟು ಕ್ಯಾನ್ಸರ್ ಆಗಿದ್ದರೂ ಹೊಳೆಯದೆ ಇರಬಹುದು. ನಿಧಾನವಾಗಿ ಬೆಳೆಯುವ, ಮಂಜಿನ ಥರ ಕಾಣುವ ಗ್ರೌಂಡ್ ಗ್ಲಾಸ್ ಗಂಟುಗಳೂ ಹಾಗೇ. ಇನ್ನು ಮೆದುಳು. ಅದು ಯಾವಾಗಲೂ ಸಕ್ಕರೆ ತಿನ್ನುವ ಅಂಗ, ಪೆಟ್‌ನಲ್ಲಿ ಇಡೀ ಮೆದುಳೇ ಹೊಳೆಯುತ್ತದೆ. ಅದರೊಳಗೆ ಒಂದು ಪುಟ್ಟ ಗಂಟು ಇದ್ದರೆ ಗೊತ್ತಾಗುವುದು ಕಷ್ಟ. ತಲೆಯಿಂದ ಕಾಲಿನವರೆಗೆ ಎಲ್ಲ ಗೊತ್ತಾಗುತ್ತೆ ಅನ್ನುವ ಮಾತು ತಲೆಯಲ್ಲೇ ಸೋಲುತ್ತದೆ.

ಹಾಗಂತ ಪೆಟ್ ಕೆಲಸಕ್ಕೆ ಬಾರದ್ದಲ್ಲ. ಸಿಟಿಯಲ್ಲಿ ಒಂದು ಗಂಟು ನಿಜವಾಗಿ ಬೆಳೆದಿದೆ, ಅದು ಅಳೆಯುವಷ್ಟು ದೊಡ್ಡದಿದೆ, ಬೇರೆ ಕಡೆಯೂ ಹರಡಿದೆಯಾ ಅಂತ ನೋಡಿ ಚಿಕಿತ್ಸೆ ತೀರ್ಮಾನಿಸಬೇಕು. ಅಂಥ ದಿನ ಪೆಟ್‌ನಷ್ಟು ಉಪಯೋಗದ್ದು ಇನ್ನೊಂದಿಲ್ಲ. ಅನುಮಾನ ಬಂದ ಮೇಲೆ ಮಾಡಿಸುವ ಸ್ಕ್ಯಾನ್ ಅದು. ಆರು ತಿಂಗಳಿಗೊಮ್ಮೆ ವಾಡಿಕೆಯಾಗಿ ಮಾಡಿಸಬೇಡಿ ಅಂತ ಮಾರ್ಗಸೂಚಿಗಳೂ ಹೇಳುತ್ತವೆ. ಕೈಯಲ್ಲಿ ದುಡ್ಡಿದ್ದವರಿಗೂ ನಾನು ಇದನ್ನೇ ಹೇಳುತ್ತೇನೆ.

ಮೆದುಳಿನ ಎಂಆರ್‌ಐ, ರಕ್ತ ಪರೀಕ್ಷೆ

ಎಂಆರ್‌ಐನಲ್ಲಿ ರೇಡಿಯೇಷನ್ ಇಲ್ಲ, ಮೆದುಳನ್ನು ಅದರಷ್ಟು ಚೆನ್ನಾಗಿ ಇನ್ನಾವುದೂ ಕಾಣಿಸುವುದಿಲ್ಲ. ಆದರೆ ಸ್ಟೇಜ್ 1, 2ರಲ್ಲಿ ಯಾವ ಲಕ್ಷಣವೂ ಇಲ್ಲದೆ ಮತ್ತೆ ಮತ್ತೆ ಮಾಡಿಸುವುದರಿಂದ ಲಾಭ ಕಂಡಿಲ್ಲ. ಸ್ಟೇಜ್ 3 ಇದ್ದವರು, ಬಯಾಪ್ಸಿಯಲ್ಲಿ ಇಜಿಎಫ್‌ಆರ್ ಅಥವಾ ಎಎಲ್‌ಕೆ ಎಂಬ ಜೀನ್‌ಗಳಲ್ಲಿ ಬದಲಾವಣೆ ಇರುವವರು ಡಾಕ್ಟರನ್ನು ಬಿಡಿಸಿ ಕೇಳಿ. ಅವರಲ್ಲಿ ಮೆದುಳಿಗೆ ಹೋಗುವ ಒಲವು ಜಾಸ್ತಿ, ಕೆಲವು ಡಾಕ್ಟರುಗಳು ಆಗಾಗ ನೋಡಲು ಬಯಸುತ್ತಾರೆ.

ರಕ್ತದಲ್ಲಿ ಸಿಇಎ ಎಂಬ ಗುರುತು ನೋಡುವುದು ಹಳೆಯ ಪದ್ಧತಿ. ಸಿಗರೇಟು ಸೇದುವವರಲ್ಲೂ ಅದು ಏರಿರುತ್ತದೆ, ಕ್ಯಾನ್ಸರ್ ಇದ್ದರೂ ಎಷ್ಟೋ ಸಲ ಏರುವುದೇ ಇಲ್ಲ. ಹೊಸದು ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎ ಚೂರುಗಳನ್ನು ಹುಡುಕುವ ಪರೀಕ್ಷೆ. ಇದು ಕೆಲವರಲ್ಲಿ ಸಿಟಿಗಿಂತ ತಿಂಗಳುಗಟ್ಟಲೆ ಮುಂಚೆಯೇ ಸುಳಿವು ಕೊಡುತ್ತದೆ ಅನ್ನುವುದು ನಿಜ. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಈಗ ಮೊದಲ ಪ್ರಶ್ನೆಗೆ ವಾಪಸ್ ಬನ್ನಿ. ರಕ್ತದಲ್ಲಿ ಇದೆ, ಸಿಟಿಯಲ್ಲಿ ಎಲ್ಲೂ ಕಾಣುತ್ತಿಲ್ಲ. ಎಲ್ಲಿ ಕತ್ತರಿಸುವುದು, ಎಲ್ಲಿಗೆ ರೇಡಿಯೇಷನ್ ಕೊಡುವುದು? ಕಾಯಬೇಕು ಅಷ್ಟೇ. ರಕ್ತದಲ್ಲಿ ಇಲ್ಲ ಅಂತ ಬಂದರೂ ಸಿಟಿ ಬಿಡುವ ಹಾಗಿಲ್ಲ, ಚಿಕ್ಕ ಗಡ್ಡೆ ಚೂರು ಉದುರಿಸದೇ ಇರಬಹುದು. ಆಪರೇಷನ್ ಆದ ಕೂಡಲೇ ಕೀಮೋ ಬೇಕಾ ಬೇಡವಾ ಅನ್ನುವ ತೀರ್ಮಾನದಲ್ಲಿ ಮುಂದೆ ಇದಕ್ಕೆ ಜಾಗ ಸಿಗಬಹುದು. ಸದ್ಯಕ್ಕೆ ಸಂಶೋಧನೆಯ ಭಾಗವಾಗಿ ಯಾರಾದರೂ ಕರೆದರೆ ಸೇರಿ, ಇಲ್ಲದಿದ್ದರೆ ಆ ದುಡ್ಡನ್ನು ಮುಂದಿನ ಸಿಟಿಗೆ ಎತ್ತಿಡಿ.

ಮೂರು ತಿಂಗಳಾ, ಆರಾ, ಹನ್ನೆರಡಾ?

ಹೆಚ್ಚು ಸಲ ನೋಡಿದಷ್ಟು ಒಳ್ಳೆಯದು ಅಂತ ಮನಸ್ಸು ಹೇಳುತ್ತದೆ. ಅಂಕಿಗಳು ಹಾಗೆ ಹೇಳುವುದಿಲ್ಲ.

ಫ್ರಾನ್ಸ್‌ನಲ್ಲಿ ಆಪರೇಷನ್ ಆದ 1,775 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಡಾಕ್ಟರ ತಪಾಸಣೆ ಮತ್ತು ಎಕ್ಸ್‌ರೇ ಮಾತ್ರ. ಇನ್ನೊಂದಕ್ಕೆ ಅದರ ಜೊತೆಗೆ ಎದೆ ಮತ್ತು ಹೊಟ್ಟೆಯ ಸಿಟಿ. ಎರಡು ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ಐದನೇ ವರ್ಷದವರೆಗೆ ವರ್ಷಕ್ಕೊಮ್ಮೆ. 2022ರಲ್ಲಿ ಫಲಿತಾಂಶ ಪ್ರಕಟವಾಯಿತು. ಎಕ್ಸ್‌ರೇ ಗುಂಪಿನಲ್ಲಿ ಅರ್ಧದಷ್ಟು ಜನ 8.5 ವರ್ಷ ದಾಟಿ ಬದುಕಿದ್ದರು, ಸಿಟಿ ಗುಂಪಿನಲ್ಲಿ 10.3 ವರ್ಷ. ನೋಡಲು ದೊಡ್ಡ ಅಂತರ. ಆದರೆ ಲೆಕ್ಕಶಾಸ್ತ್ರದ ಪ್ರಕಾರ ಅದು ಆಕಸ್ಮಿಕವೂ ಆಗಿರಬಹುದು, ಸಿಟಿಯಿಂದಲೇ ಆಯಿತು ಅನ್ನುವ ಹಾಗಿಲ್ಲ. ಸಿಟಿ ಗುಂಪಿನಲ್ಲಿ ಬೇಗ ಸಿಕ್ಕ, ವಾಸಿ ಮಾಡಲು ಪ್ರಯತ್ನಿಸಬಹುದಾದ ಮರುಕಳಿಕೆಗಳು ಮತ್ತು ಹೊಸ ಕ್ಯಾನ್ಸರುಗಳು ಹೆಚ್ಚಿದ್ದವು. ಹಾಗಾಗಿ ಅಧ್ಯಯನ ಮಾಡಿದವರೇ ಸಿಟಿ ಪರವಾಗಿ ನಿಂತರು.

ಅಮೆರಿಕದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ತೆಗೆದು, ಮೂರು ತಿಂಗಳು, ಆರು ತಿಂಗಳು, ವರ್ಷಕ್ಕೊಮ್ಮೆ ಸ್ಕ್ಯಾನ್ ಆದವರನ್ನು ಹೋಲಿಸಿದರು. ಅದು 2018ರಲ್ಲಿ ಬಂತು. ಪದೇ ಪದೇ ಮಾಡಿಸಿದವರು ಹೆಚ್ಚು ಕಾಲ ಬದುಕಿದ್ದು ಕಾಣಲಿಲ್ಲ.

ಇದರಿಂದ ನಾನು ತಿಳಿದದ್ದು ಇಷ್ಟು. ಸ್ಟೇಜ್ 1, 2ಕ್ಕೆ ಮೂರು ತಿಂಗಳ ಸ್ಕ್ಯಾನ್ ಕೇಳಿ ಪಡೆಯುವುದರಲ್ಲಿ ಅರ್ಥವಿಲ್ಲ. ಸ್ಟೇಜ್ 3, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿತ್ತು, ಆಪರೇಷನ್ ಜೊತೆ ರೇಡಿಯೇಷನ್ ಕೊಟ್ಟಿದ್ದರು ಅನ್ನುವವರಿಗೆ ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳ ಅಂತರ ಇಡುವುದುಂಟು, ಅದು ಸರಿ. ಇನ್ನು ಆರರ ಬದಲು ಏಳನೇ ತಿಂಗಳಿಗೆ ಸ್ಕ್ಯಾನ್ ಆಯಿತು ಅಂದರೆ ಆಕಾಶ ಬೀಳುವುದಿಲ್ಲ. ಹುಷಾರಿಲ್ಲದ ಕಾರಣಕ್ಕೆ ಒಮ್ಮೆ ನಾವೂ ಮುಂದೂಡಿದ್ದೇವೆ. ಮುಂದೂಡದೇ ಇದ್ದಾಗ ಆದದ್ದು ಇನ್ನೂ ನೆನಪಿದೆ.

5 ಮಿ.ಮೀ.

ಹದಿನೆಂಟನೇ ತಿಂಗಳ ಸಿಟಿ. ಎರಡು ವಾರದ ಹಿಂದೆ ಅಮ್ಮನಿಗೆ ಜೋರು ನೆಗಡಿ, ಕೆಮ್ಮು ಬಂದು ಹೋಗಿತ್ತು. ಅದನ್ನು ನಾವು ಯಾರಿಗೂ ಹೇಳಲಿಲ್ಲ. ರಾತ್ರಿ ಹತ್ತಕ್ಕೆ ಹತ್ತು ನಿಮಿಷ ಇದ್ದಾಗ ರಿಪೋರ್ಟ್ ಫೋನಿಗೆ ಬಂತು. ಎಡ ಶ್ವಾಸಕೋಶದ ಕೆಳಭಾಗದಲ್ಲಿ 5 ಮಿ.ಮೀ. ನಾಡ್ಯೂಲ್, ಅಂದರೆ ಗಂಟು, ಹಿಂದಿನ ಸ್ಕ್ಯಾನ್‌ನಲ್ಲಿ ಇರಲಿಲ್ಲ. ಡಾಕ್ಟರ ಭೇಟಿ ಆರು ದಿನ ಆಮೇಲೆ.

ಆ ಆರು ದಿನ ನಾನು ಪೆಟ್ ಬುಕ್ ಮಾಡಲು ಓಡಾಡಿದೆ. ಅಮ್ಮ ಬೀರು ತೆಗೆದು ಕಾಗದಪತ್ರ ಜೋಡಿಸತೊಡಗಿದಳು. ಡಾಕ್ಟರು ಫಿಲ್ಮ್ ನೋಡಿ ಕೇಳಿದ ಮೊದಲ ಪ್ರಶ್ನೆ, "ನೆಗಡಿ ಆಗಿತ್ತಾ ಅಮ್ಮಾ?" ಮೂರು ತಿಂಗಳು ಬಿಟ್ಟು ಮತ್ತೆ ಸಿಟಿ ಅಂದರು. 5 ಮಿ.ಮೀ.ಗೆ ಪೆಟ್ ಮಾಡಿದರೆ ಹೊಳೆದರೂ ನಂಬೋ ಹಾಗಿಲ್ಲ, ಹೊಳೆಯದಿದ್ದರೂ ನಂಬೋ ಹಾಗಿಲ್ಲ ಅಂದರು. ಮೂರು ತಿಂಗಳ ನಂತರ ಅದು ಇರಲಿಲ್ಲ. ಸೋಂಕಿನ ಗುರುತು, ಮಾಯವಾಗಿತ್ತು.

ಚಿಕ್ಕ ಗಂಟಿಗೆ ಕಾಯುವುದೇ ಪರೀಕ್ಷೆ ಯಾಕೆ ಅನ್ನುವುದು ಆಗ ಅರ್ಥವಾಯಿತು. ಕ್ಯಾನ್ಸರ್ ಗುರುತು ಬೆಳವಣಿಗೆ. 4 ಮಿ.ಮೀ. ಇದ್ದದ್ದು 5 ಆಯಿತು ಅಂದರೆ ಅಗಲದಲ್ಲಿ ಒಂದೇ ಮಿ.ಮೀ., ಆದರೆ ಗಾತ್ರದಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು. ಉಸಿರು ಹಿಡಿದದ್ದರಲ್ಲಿ ವ್ಯತ್ಯಾಸ ಆದರೂ, ಅಳೆದವರು ಬೇರೆಯಾದರೂ ಅದೇ ಒಂದು ಮಿ.ಮೀ. ವ್ಯತ್ಯಾಸ ಬರಬಹುದು. ಎರಡರಲ್ಲಿ ಯಾವುದು ಅಂತ ಕಾಲ ಮಾತ್ರ ಹೇಳುತ್ತದೆ. ಹಾಗಾಗಿ ಸಾಧ್ಯವಾದಷ್ಟು ಒಂದೇ ಕಡೆ ಮಾಡಿಸಿ. ಸೆಂಟರ್ ಬದಲಾಯಿಸಲೇಬೇಕಾದರೆ ಹಳೆಯ ಸ್ಕ್ಯಾನ್‌ನ ಸಿಡಿ ಕೊಡಿ, ಬರೀ ರಿಪೋರ್ಟ್ ಕಾಗದ ಸಾಲದು. ರೇಡಿಯಾಲಜಿಸ್ಟ್ ಪಕ್ಕದಲ್ಲಿಟ್ಟು ನೋಡಬೇಕು. ಮೊದಲ ಫಾಲೋಅಪ್ ಸಿಟಿಯ ಸಿಡಿಯನ್ನು ಅಂತೂ ಕಳೆಯಲೇಬೇಡಿ. ಆಪರೇಷನ್ ನಂತರದ ಎದೆ ಹೀಗಿದೆ ಅನ್ನುವುದಕ್ಕೆ ಅದೇ ಆಧಾರ. ಅದು ಇಲ್ಲದಿದ್ದರೆ ಸ್ಟೇಪಲ್ ಗೆರೆಯೂ ಒಮ್ಮೊಮ್ಮೆ ಗಡ್ಡೆಯ ಹಾಗೆ ಓದಿಸಿಕೊಳ್ಳುತ್ತದೆ.

ಸ್ಕ್ಯಾನ್‌ಗಳ ನಡುವೆ: ಪುಕ್ಕಟೆ ಆಯ್ಕೆ

ಎಷ್ಟೋ ಮರುಕಳಿಕೆಗಳು ಸ್ಕ್ಯಾನ್ ತಾರೀಖಿಗೆ ಕಾಯುವುದಿಲ್ಲ. ಮೈ ಮೊದಲು ಹೇಳುತ್ತದೆ. ಫ್ರಾನ್ಸ್‌ನಲ್ಲೇ ಇನ್ನೊಂದು ಅಧ್ಯಯನದಲ್ಲಿ ರೋಗಿಗಳು ವಾರಕ್ಕೊಮ್ಮೆ ತಮ್ಮ ಲಕ್ಷಣಗಳನ್ನು ಕಂಪ್ಯೂಟರಿನಲ್ಲಿ ತುಂಬಿಸಿ ಕಳಿಸುತ್ತಿದ್ದರು, ಏನಾದರೂ ಕೆಟ್ಟರೆ ಡಾಕ್ಟರಿಗೆ ಸೂಚನೆ ಹೋಗುತ್ತಿತ್ತು. ಹಾಗೆ ಮಾಡಿದವರು ಬರೀ ನಿಗದಿತ ಸ್ಕ್ಯಾನ್ ಮಾಡಿಸಿದವರಿಗಿಂತ ಹೆಚ್ಚು ಕಾಲ ಬದುಕಿದರು. ಅವರು ಮುಂದುವರಿದ ಹಂತದ ರೋಗಿಗಳು, ನಮ್ಮ ಥರದವರಲ್ಲ. ಆದರೂ ಪಾಠ ಇದೆ.

ಅಮ್ಮನದು ಒಂದು ಸಣ್ಣ ನೋಟ್‌ಬುಕ್. ಭಾನುವಾರ ತೂಕ, ಮೆಟ್ಟಿಲು ಹತ್ತುವಾಗಿನ ಉಸಿರು, ಕೆಮ್ಮು, ನೋವು. ಎರಡು ಸಾಲು, ಜಾಸ್ತಿ ಇಲ್ಲ. ಹೊಸದು, ಕಾರಣ ಇಲ್ಲದ್ದು, ಮೂರು ವಾರವಾದರೂ ಹೋಗದ್ದು. ಈ ಮೂರೂ ಸೇರಿದರೆ ಸ್ಕ್ಯಾನ್ ತಾರೀಖಿಗೆ ಕಾಯದೆ ಫೋನ್ ಮಾಡುತ್ತೇವೆ. ಕಫದಲ್ಲಿ ರಕ್ತ, ದನಿ ಒಡೆಯುವುದು, ಮುಖ ಕುತ್ತಿಗೆ ಊದುವುದು, ಹಿಂದೆಂದೂ ಇಲ್ಲದ ತಲೆನೋವು, ಕೈಕಾಲಿನ ಒಂದು ಬದಿ ಸೋಲುವುದು, ಫಿಟ್ಸ್, ರಾತ್ರಿ ಎಬ್ಬಿಸುವ ಮೂಳೆ ನೋವು. ಇವಕ್ಕೆ ಮೂರು ವಾರವೂ ಬೇಡ.

ಹೆದರಬೇಕಿಲ್ಲದ್ದೂ ಇದೆ. ಆಪರೇಷನ್ ಗಾಯದ ಸುತ್ತ ಜೋಮು, ಉರಿ, ಪಕ್ಕೆಲುಬಿನ ಸಾಲಿನಲ್ಲಿ ಚುಳುಕು. ಅದು ಪಕ್ಕೆಲುಬಿನ ನಡುವಿನ ನರಕ್ಕೆ ಬಿದ್ದ ಪೆಟ್ಟು. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಇರುತ್ತದೆ. ಚಳಿಗೆ ಜಾಸ್ತಿಯಾಗುತ್ತದೆ.

ಭಯಕ್ಕೇ ಏನು ಮಾಡುವುದು

ಭಯ ಕಳೆಯಲು ಜನ ಆರಿಸುವ ಮೊದಲ ದಾರಿ ಇನ್ನೊಂದು ಸ್ಕ್ಯಾನ್. ರಿಪೋರ್ಟ್ ಸರಿ ಬಂದರೆ ಎರಡು ವಾರ ನೆಮ್ಮದಿ, ಆಮೇಲೆ ಅದೇ ಭಯ. ಸರಿ ಬರದಿದ್ದರೆ 5 ಮಿ.ಮೀ. ಕಥೆ. ಈ ಕೆಲಸಕ್ಕೆ ಸ್ಕ್ಯಾನ್ ತೀರಾ ದುಬಾರಿ ಮದ್ದು, ಅದೂ ಕೆಲಸ ಮಾಡದ ಮದ್ದು.

ಖರ್ಚಿಲ್ಲದ ಎರಡು ಬದಲಾವಣೆ ನಮಗೆ ನಿಜಕ್ಕೂ ಸಹಾಯ ಮಾಡಿದವು. ಒಂದು, ಮೊದಲು ಡಾಕ್ಟರ ಭೇಟಿ ಗೊತ್ತು ಮಾಡಿ, ಆಮೇಲೆ ಅದರ ಹಿಂದಿನ ದಿನಕ್ಕೆ ಸ್ಕ್ಯಾನ್ ಹಾಕುವುದು. ಆರು ದಿನದ ಕಾಯುವಿಕೆ ಒಂದು ರಾತ್ರಿಗೆ ಇಳಿಯಿತು. ಎರಡು, ರಿಪೋರ್ಟ್ ಯಾರು, ಯಾವಾಗ ತೆರೆಯಬೇಕು ಅಂತ ಮೊದಲೇ ತೀರ್ಮಾನಿಸುವುದು. ತಿಳಿದುಕೊಂಡರೇ ಸಮಾಧಾನ ಅನ್ನುವವರು ತೆರೆಯಲಿ. ಅಮ್ಮ ಅಂಥವಳಲ್ಲ. ರಿಪೋರ್ಟ್ ಭಾಷೆ ರೇಡಿಯಾಲಜಿಸ್ಟ್ ಇನ್ನೊಬ್ಬ ಡಾಕ್ಟರಿಗೆ ಬರೆಯುವ ಭಾಷೆ. ಕಂಡದ್ದೆಲ್ಲ ಬರೆಯುವುದು ಅವರ ಕೆಲಸ, ಎಷ್ಟು ಹೆದರಬೇಕು ಅಂತ ಅದರಲ್ಲಿ ಬರೆದಿರುವುದಿಲ್ಲ.

ಸ್ಕ್ಯಾನ್ ವಾರ ಮಾತ್ರ ನಿದ್ದೆ ಕೆಟ್ಟರೆ ಇಷ್ಟು ಸಾಕಾಗಬಹುದು. ಆದರೆ ದಿನವೂ ಮೈ ಮುಟ್ಟಿ ಮುಟ್ಟಿ ನೋಡಿಕೊಳ್ಳುವುದು, ಮುಂದಿನ ವರ್ಷದ ಮಾತೇ ಆಡದಿರುವುದು, ಇಲ್ಲವೇ ಹೆದರಿ ಸ್ಕ್ಯಾನ್‌ಗೇ ಹೋಗದಿರುವುದು ಶುರುವಾದರೆ ಆಪ್ತಸಮಾಲೋಚಕರ ಹತ್ತಿರ ಹೋಗಿ. ಕ್ಯಾನ್ಸರ್ ಮರಳುವ ಭಯಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಗಳಿವೆ, ಅವು ಕೆಲಸ ಮಾಡುತ್ತವೆ ಅನ್ನುವುದನ್ನು ಅಧ್ಯಯನಗಳು ತೋರಿಸಿವೆ. ಒಂದು ಪೆಟ್ ಸ್ಕ್ಯಾನ್ ದುಡ್ಡಿನಲ್ಲಿ ಅಂಥ ಹಲವು ಭೇಟಿಗಳು ಆಗುತ್ತವೆ.

ನಿಮ್ಮದು ಯಾವ ಪರಿಸ್ಥಿತಿ?

ಸ್ಟೇಜ್ 1, ಪೂರ್ತಿ ತೆಗೆದಿದ್ದಾರೆ, ಕಿಡ್ನಿ ಸರಿ ಇದೆ ಅಂದರೆ ಆರು ತಿಂಗಳಿಗೊಮ್ಮೆ ಡೈ ಸಿಟಿ, ಎರಡು ಮೂರು ವರ್ಷ ಆದ ಮೇಲೆ ವರ್ಷಕ್ಕೊಂದು ಲೋ ಡೋಸ್. ಬೇರೇನೂ ಬೇಡ.

ಕೈ ಬಿಗಿ ಇದ್ದರೆ ಏನು ಬಿಡಬಹುದು ಅನ್ನುವ ಕ್ರಮ ಹೀಗೆ. ಮೊದಲು ರಕ್ತದ ಪರೀಕ್ಷೆಗಳು, ಆಮೇಲೆ ವಾಡಿಕೆಯ ಪೆಟ್, ಆಮೇಲೆ ಲಕ್ಷಣ ಇಲ್ಲದ ಮೆದುಳಿನ ಎಂಆರ್‌ಐ. ಇಷ್ಟು ಬಿಟ್ಟ ಮೇಲೂ ಆಗದಿದ್ದರೆ 12ನೇ ಮತ್ತು 24ನೇ ತಿಂಗಳ ಸಿಟಿಯನ್ನಾದರೂ ಉಳಿಸಿಕೊಳ್ಳಿ. ಯುರೋಪಿನ ಮಾರ್ಗಸೂಚಿಯೂ ಈ ಎರಡನ್ನು ಕನಿಷ್ಠ ಅನ್ನುತ್ತದೆ. ನಡುವಿನ ಆರು ತಿಂಗಳಿಗೆ ಡಾಕ್ಟರ ತಪಾಸಣೆ, ಎಕ್ಸ್‌ರೇ, ಮನೆಯ ನೋಟ್‌ಬುಕ್. ಇದನ್ನು ಡಾಕ್ಟರಿಗೆ ನೇರವಾಗಿ ಹೇಳಿ. ಸುಮ್ನೆ ಭೇಟಿ ತಪ್ಪಿಸುವುದಕ್ಕಿಂತ ದುಡ್ಡಿಲ್ಲ ಅಂತ ಹೇಳುವುದು ಸಾವಿರ ಪಾಲು ಮೇಲು.

ವಯಸ್ಸು ತುಂಬಾ ಆಗಿದೆ, ಹೃದಯ ಅಥವಾ ಉಸಿರಾಟದ ತೊಂದರೆ ಜೋರಾಗಿದೆ, ಏನು ಸಿಕ್ಕರೂ ಇನ್ನೊಂದು ಚಿಕಿತ್ಸೆ ತಡೆಯುವ ಶಕ್ತಿ ಇಲ್ಲ, ಅಥವಾ ಅವರೇ ಬೇಡ ಅನ್ನುತ್ತಿದ್ದಾರೆ. ಆಗ ಸ್ಕ್ಯಾನ್ ಕಡಿಮೆ ಮಾಡಿ ಲಕ್ಷಣ ನೋಡಿಕೊಂಡು ಹೋಗುವುದೂ ಒಂದು ತೀರ್ಮಾನ. ಅದನ್ನು ಕೈಬಿಟ್ಟಿದ್ದು ಅಂತ ಯಾರೂ ಅಂದುಕೊಳ್ಳಬೇಕಿಲ್ಲ.

ಸಿಗರೇಟು ಇನ್ನೂ ಬಿಟ್ಟಿಲ್ಲದಿದ್ದರೆ, ಈ ಇಡೀ ಹೋಲಿಕೆಯಲ್ಲಿ ಇರುವ ಯಾವ ಸ್ಕ್ಯಾನ್‌ಗಿಂತಲೂ ಅದನ್ನು ಬಿಡುವುದರಿಂದಲೇ ಲಾಭ ಜಾಸ್ತಿ.

ಮುಂದಿನ ಭೇಟಿಗೆ ಹೋಗುವಾಗ ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ: ಈ ಸಲದ ಸ್ಕ್ಯಾನ್ ಏನು ಹುಡುಕುತ್ತಿದೆ? ಹಿಂದಿನದರ ಪಕ್ಕದಲ್ಲಿಟ್ಟು ನೋಡಿದ್ದೀರಾ? ಸಣ್ಣದೇನಾದರೂ ಇದ್ದರೆ ಎಷ್ಟು ದಿನ ಕಾದು ನೋಡೋಣ? ನಡುವೆ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಲಿ? ಈ ನಾಲ್ಕಕ್ಕೆ ಉತ್ತರ ಸಿಗದೆ ಕುರ್ಚಿಯಿಂದ ಏಳಬೇಡಿ.

ಅಮ್ಮನದು ಈಗ ವರ್ಷಕ್ಕೊಂದು ಲೋ ಡೋಸ್. ಮುಂದಿನದು ಗುರುವಾರ, ಶುಕ್ರವಾರ ಬೆಳಿಗ್ಗೆ ಡಾಕ್ಟರು. ನಡುವಿನ ರಾತ್ರಿ ಅವಳ ಫೋನ್ ನನ್ನ ಹತ್ತಿರ ಇರುತ್ತದೆ.